ಅತ್ತು ಗೆದ್ದವಳು

ಯಾದಗಿರಿ, ಜೂನ್ ೯, ೨೦೨೪

ಇವತ್ತು ಸ್ಟೇಷನ್ ರಸ್ತೆಯ ಕಲ್ಯಾಣ ಮಂಟಪದಲ್ಲಿ ಒಂದು ಮದುವೆಗೆ ಹಾಡಲು ಹೋಗಿದ್ದೆ. ಮೂರನೇ ಹಾಡು ಮುಗಿಯುವಷ್ಟರಲ್ಲಿ ಮದುಮಗನ ಸೋದರಮಾವ ವೇದಿಕೆ ಹತ್ತಿ ಬಂದು ನನ್ನ ಕೈಯಿಂದ ಮೈಕು ಕಸಿದುಕೊಂಡ.

"ಅಕ್ಕಾರ, ಹಾಡು ಸಾಕು ಮಾಡ್ರಿ. ಟೀವ್ಯಾಗ ಅತ್ತಿದ್ರಲ್ಲ, ಹಂಗ ಒಮ್ಮಿ ಅತ್ತು ತೋರಸ್ರಿ. ಹುಡುಗೂರು ಮೊಬೈಲ ಹಿಡಕೊಂಡು ಕುಂತಾರ!"

ಮಂಟಪವೆಲ್ಲ ಘೊಳ್ಳೆಂದಿತು. ಮದುಮಗಳೂ ಬಾಸಿಂಗ ಅಲುಗಾಡುವಂತೆ ನಕ್ಕಳು. ನಾನೂ ನಕ್ಕೆ. ಈಗ ಮೈ ಉರಿಯುತ್ತಿರುವುದು ಅದಕ್ಕೇ. ಅವನ ರುಮಾಲು ಎಳೆದು ಬೀದಿಗೆ ಎಸೆಯುವುದು ಬಿಟ್ಟು, ಹಲ್ಲು ಕಿಸಿದು ನಿಂತೆನಲ್ಲ, ಥೂ ನನ್ನ ಜನ್ಮಕ್ಕೆ!

ಇದಕ್ಕೆಲ್ಲ ಮೂಲ ಒಬ್ಬನೇ. ಸುರಪುರದ ದ್ಯಾವಪ್ಪ. ನಾಲ್ಕು ವರ್ಷದ ಹಿಂದೆ ಟೀವಿಯ ಹಾಡಿನ ಸ್ಪರ್ಧೆಯಲ್ಲಿ ನಾನು ಮೊದಲು ಬಂದೆ, ಅವನು ಎರಡನೆಯವನಾದ. ಸೋತವನು ಸುಮ್ಮನೆ ಮನೆಗೆ ಹೋಗಬೇಕೋ ಬೇಡವೋ? ಮರುವಾರ ಯಾವುದೋ ಸಂದರ್ಶನದಲ್ಲಿ ಕೂತು ಹೇಳಿದ: "ಆಕಿ ಹಾಡಿ ಗೆದ್ದಿಲ್ಲರಿ, ಅತ್ತು ಗೆದ್ದಾಳ." ಆ ಒಂದು ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿ, ನಾನು ಹಾಡಿದ ಹಾಡುಗಳನ್ನೆಲ್ಲ ನುಂಗಿ ನೀರು ಕುಡಿಯಿತು.

ಅತ್ತದ್ದು ಸುಳ್ಳಲ್ಲ. ಆದರೆ ಅಳಿಸಿದವರು ಯಾರು? ಟೀವಿಯವರು ನನ್ನನ್ನೂ ಅವ್ವನನ್ನೂ ಕಾಲುವೆಗೆ ಕರೆದೊಯ್ದು, ಅಪ್ಪ ಮುಳುಗಿದ ಜಾಗದಲ್ಲೇ ನಿಲ್ಲಿಸಿ, "ಆ ದಿನ ಏನಾಯ್ತು?" ಎಂದು ಕೇಳಿದರು. ಅಪ್ಪ ಭೀಮೆಯಲ್ಲಿ ಬಲೆ ಬೀಸಿ ಬದುಕಿದವನು, ಮಹಾಪೂರದಲ್ಲೂ ಈಜಿ ದಡ ಸೇರಿದವನು. ಹೊಳೆ ಬತ್ತಿದ ವರ್ಷ ಮೀನಿಗೆಂದು ಕಾಲುವೆಗೆ ಇಳಿದ. ಹೊಳೆಯ ದಂಡೆಗೆ ಬೇರಿರುತ್ತದೆ, ಜೇಕಿನ ಹುಲ್ಲಿರುತ್ತದೆ. ಕಾಲುವೆಯ ಸಿಮೆಂಟು ಇಳಿಜಾರಿಗೆ ಪಾಚಿ ಬಿಟ್ಟರೆ ಕೈಗೆ ಹತ್ತುವಂಥದ್ದು ಏನೂ ಇಲ್ಲ. ಇದನ್ನು ಹೇಳುವಾಗ ಯಾರು ಅಳುವುದಿಲ್ಲ? ಅದಕ್ಕೆ ಹಿಂದೆ ಕೊಳಲು ಹಾಕಿ ನಾಡಿಗೆಲ್ಲ ತೋರಿಸಿದರು. ಸಾಯಬಮ್ಮ ಎಂಬ ಹೆಸರು ಪರದೆಗೆ ಒಗ್ಗುವುದಿಲ್ಲವೆಂದು ಸಾನ್ವಿ ಮಾಡಿದರು. ಗೆದ್ದವಳೆಂದು ಕಪ್ಪು ಕೈಗಿಟ್ಟು, ಅಟ್ಟ ಹತ್ತಿಸಿ ಏಣಿ ತೆಗೆದರು. ಸಿನಿಮಾಕ್ಕೆ ಹಾಡಿಸುತ್ತೇನೆಂದ ತೀರ್ಪುಗಾರ ಈಗ ನನ್ನ ಫೋನು ಎತ್ತುವುದಿಲ್ಲ.

ಅವರೆಲ್ಲ ಬೆಂಗಳೂರಿನಲ್ಲಿದ್ದಾರೆ, ನನ್ನ ಕೈಗೆ ಸಿಗುವವರಲ್ಲ. ದ್ಯಾವಪ್ಪ ಸಿಗುತ್ತಾನೆ. ಅವನಿಗೆ ಈಗ ಸ್ವಂತ ಆರ್ಕೆಸ್ಟ್ರಾ, ಸ್ವಂತ ಚಾನೆಲ್ಲು, ಊರೂರಿಗೆ ಕಟೌಟು. ಆ ಮಾತನ್ನು ಅವನ ಬಾಯಿಂದಲೇ, ಹತ್ತು ಮಂದಿಯ ಎದುರಿಗೆ, ವಾಪಸು ತೆಗೆಸುತ್ತೇನೆ. ಇಲ್ಲದಿದ್ದರೆ ನಾನು ಮರಿಲಿಂಗಮ್ಮನ ಮಗಳೇ ಅಲ್ಲ.

ಜೂನ್ ೨೩

ದೇವರು ಕಣ್ಣು ಬಿಟ್ಟ! ಮೈಕ್‌ಸೆಟ್ಟಿನ ಖಾಜಾಹುಸೇನ ನನ್ನ ಕಾರ್ಯಕ್ರಮಕ್ಕೂ ಬರುತ್ತಾನೆ, ದ್ಯಾವಪ್ಪನದಕ್ಕೂ ಹೋಗುತ್ತಾನೆ. ಇವತ್ತು ಚಹಾ ಕುಡಿಯುತ್ತ ಬಾಯಿ ಬಿಟ್ಟ.

"ಅಂವ ಎಲ್ಲಿ ಹಾಡತಾನ, ಅಕ್ಕ? ಹಾಡೋದು ಪೆನ್ ಡ್ರೈವ್. ಅಂವ ಬರೇ ಬಾಯಿ ಆಡಸ್ತಾನ. ದಿನಾ ಪ್ರೋಗ್ರಾಮ ಮಾಡಿ ಮಾಡಿ ಗಂಟಲಾಗ ಗಂಟ ಆಗ್ಯದಂತ. ಯಾರ ಮುಂದೂ ಅನ್ನಬ್ಯಾಡ ಮತ್ತ."

ನನಗೆ ನಗು ತಡೆಯಲಾಗಲಿಲ್ಲ. ನಾನು ಅತ್ತು ಗೆದ್ದವಳಂತೆ, ಇವನು ಬಾಯಿ ಆಡಿಸಿ ಗೆಲ್ಲುವವನು! "ಮೈಕಿಲ್ಲದ ಕಡಿ ಅಂವನ್ನ ನಿಂದ್ರಸಬೇಕು ನೋಡು" ಎಂದೆ. ನಾನು ಸಿಟ್ಟಿಗೆ ಅಂದ ಮಾತು. ಖಾಜಾಹುಸೇನ ಬಶಿಯಲ್ಲಿ ಉಳಿದ ಚಹಾ ಹೀರಿ, "ಹಂಗಂದ್ರ ಒಂದ ಜಾಗಾ ಅದ" ಅಂದ.

ಸುರಪುರದ ಆಚೆ, ಕಾಲುವೆಯ ಬದಿಗೆ ರಂಗಣ್ಣನವರ ಹೊಲವಂತೆ. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಅಲ್ಲಿ ಊಟವಾದ ಮೇಲೆ ಗೀಗೀ ಪದದ ಸವಾಲು-ಜವಾಬು. ಗಂಡು ಹೆಚ್ಚೆನ್ನುವ ಹರದೇಶಿ ಮೇಳ ಒಂದು ಕಡೆ, ಹೆಣ್ಣು ಹೆಚ್ಚೆನ್ನುವ ನಾಗೇಶಿ ಮೇಳ ಇನ್ನೊಂದು ಕಡೆ. ಡಪ್ಪು, ಒಂಟಿ ತಂತಿಯ ತುಂತುಣಿ, ಕಂಠ. ಮೈಕು ಕಟ್ಟಲು ರಂಗಣ್ಣ ಬಿಡುವುದಿಲ್ಲ. ದ್ಯಾವಪ್ಪನ ಅಪ್ಪ ಅದೇ ಹರದೇಶಿ ಮೇಳದಲ್ಲಿ ಡಪ್ಪು ಬಾರಿಸುತ್ತಿದ್ದನಂತೆ, ಹಾಗಾಗಿ ಇವನಿಗೂ ಪದಗಳು ಗೊತ್ತು. ಕರೆದರೆ ಬರಲಾರೆ ಅನ್ನಲಾರ.

ಹಾಗಾದರೆ ಎದುರಿಗೆ ನಾಗೇಶಿಯಲ್ಲಿ ಕೂರುವವಳು ನಾನು. ಗೀಗೀ ಪದದ ಗಂಧಗಾಳಿ ನನಗಿಲ್ಲ, ಇರಲಿ. ಕಲಿತರಾಯಿತು, ಅದೇನು ಬ್ರಹ್ಮವಿದ್ಯೆಯೇ?

ಶಹಾಪುರ, ಜುಲೈ ೧೪

ಬ್ರಹ್ಮವಿದ್ಯೆಯೇ ಹೌದು. ಕಲಿಸುವವಳು ಬ್ರಹ್ಮರಾಕ್ಷಸಿ.

ಖಾಸಿಂಬೀ. ಈ ಸೀಮೆಯಲ್ಲಿ ನಾಗೇಶಿ ಹಾಡಿದವರಲ್ಲಿ ಅವಳ ಎದುರು ನಿಂತವರಿಲ್ಲವಂತೆ. ಅದನ್ನು ಅವಳೇ ಹೇಳಿದಳು. ಕಣ್ಣಿಗೆ ಸುರ್ಮಾ, ಬಾಯಿ ತುಂಬ ಎಲೆ, ಮಂಚದ ಮೇಲೆ ರಾಣಿಯಂತೆ ಕೂತಿದ್ದಳು. ನಾನು ಟೀವಿಯಲ್ಲಿ ಗೆದ್ದವಳೆಂದು ಹೇಳಿಕೊಂಡರೆ, "ಟೀವಿ ಒಡದು ಆರು ವರ್ಷ ಆತು ಬೇಟಿ. ಹಾಡು" ಅಂದಳು.

ಫೈನಲ್ಲಿನ ಹಾಡನ್ನೇ ಹಾಡಿದೆ. ಒಂದು ಚರಣಕ್ಕೇ ಕೈ ಎತ್ತಿ ನಿಲ್ಲಿಸಿದಳು.

"ನಿನ್ನ ದನಿಗೆ ಅಳೂ ರೋಗ ಹತ್ತ್ಯದ. ಪ್ರತಿ ಸಾಲಿನ ಬಾಲಕ್ಕೂ ಹುಂ ಹುಂ ಅಂತ ಕುಸುಗುಡ್ತಿ. ಯಾರ ಸತ್ತಾರ ಈ ಹಾಡಿನಾಗ?"

"ಭಾವ ಅಂತಾರ ಅದಕ್ಕ" ಎಂದೆ.

"ಭಾವ ಅಲ್ಲ ಅದು, ನೆಗಡಿ."

ಎದ್ದು ಬಂದುಬಿಡಬೇಕೆಂದಿದ್ದೆ. ಅದೇ ಕುಸುಗುಡುವಿಕೆಗೆ ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು, ಅದನ್ನೇ ತಿದ್ದಿ ತೀಡಿ ಕಲಿಸಿದ್ದರು. ಆದರೆ ದ್ಯಾವಪ್ಪನ ಮುಖ ಕಣ್ಣೆದುರು ಬಂತು. ಕತ್ತೆಯ ಕಾಲಾದರೂ ಹಿಡಿಯುತ್ತೇನೆ ಎಂದುಕೊಂಡು ಮುದುಕಿಯ ಕಾಲಿಗೆ ಬಿದ್ದೆ.

"ಯಾಕ ಕಲೀತಿ?" ಎಂದು ಕೇಳಿದಳು. ಕಲೆ ಉಳಿಸಬೇಕು ಎಂದು ಏನೇನೋ ಬಡಬಡಿಸಿದೆ. ಅವಳು ಕಿಟಕಿಯಿಂದ ಹೊರಗೆ ಉಗುಳಿ, "ಸುಳ್ಳ ಹೇಳಾಕರೆ ನೆಟ್ಟಗ ಕಲ್ತಿಲ್ಲ. ಐತವಾರ ಬಾ" ಅಂದಳು.

ಆಗಸ್ಟ್ ೨

ಬೆರಳು ಬಾತಿವೆ. ಇನ್ನೂ ಒಂದು ಪದ ಕಲಿಸಿಲ್ಲ, ಬರೀ ಡಪ್ಪು. ಬರೆದುಕೊಳ್ಳಲು ಹೋದರೆ ಪೆನ್ನು ಕಸಿದು ಎಲೆಯಡಿಕೆ ಡಬ್ಬಿಗೆ ಹಾಕಿಕೊಂಡಳು. ಇವಳಿಗೂ ಒಂದು ಗತಿ ಕಾಣಿಸಬೇಕು, ದ್ಯಾವಪ್ಪನದು ಮುಗಿಯಲಿ.

ಆಗಸ್ಟ್ ೨೫

ಇವತ್ತು ವಡಗೇರಾ ಕಡೆಯ ಒಂದು ಹಳ್ಳಿಗೆ ಮುದುಕಿ ನನ್ನನ್ನೂ ಹಿಂದೆ ಕಟ್ಟಿಕೊಂಡು ಹೋದಳು. ಕಾಲುವೆಗೆ ನೀರು ಬಿಟ್ಟಿದ್ದಾರೆ, ಎಲ್ಲೆಲ್ಲೂ ನಾಟಿಯ ಗಡಿಬಿಡಿ, ಹೆಣ್ಣುಮಕ್ಕಳು ಸಿಗುವುದಿಲ್ಲ. ಹಿಮ್ಮೇಳಕ್ಕೆ ಮುದುಕಿಯ ಮೇಳದ ಹಜರಾಬೀ ಮತ್ತು ಶೇಖಮ್ಮ ಇಬ್ಬರೇ. ಜನ ಸಾಲದೆಂದು ಅವ್ವನನ್ನೂ ಕೂರಿಸಿದೆ. ಮಧ್ಯಾಹ್ನದ ಬಿಸಿಲಿಗೆ ಬೇವಿನ ಮರದ ಕೆಳಗೆ ಹಾಡಿದೆವು.

ಹೋಗುವಾಗ ಬಸ್ಸಿನಲ್ಲಿ ಮುದುಕಿ ಎರಡು ಕಟ್ಟಳೆ ಹೇಳಿದಳು. ಒಂದು: "ಪದದಾಗ ಎಷ್ಟರ ಹೊಡಿ, ಎದುರಿನಾಂವನ ಮನಿ ಮುಟ್ಟಬ್ಯಾಡ. ಅಪ್ಪ, ಅವ್ವ, ಹೇಣ್ತಿ, ರೋಗ, ಇವು ಮನ್ಯಾಗಿನವು." ಇನ್ನೊಂದು: "ಎದುರಿನವರ ದನಿ ಬಿದ್ರ, ಉಸಿರ ಹತ್ತಿದ್ರ, ನೀ ಅವರ ಪದಾ ಎತ್ತಿ ಆ ನುಡಿ ಮುಗಿಸಿ ಕೊಡಬೇಕು. ಆಮ್ಯಾಲ ಬೇಕಾರ ಸೋಲಸು. ಪದ ನೆಲಕ್ಕ ಬೀಳಬಾರದು."

ಇದು ಯಾವ ಊರಿನ ನ್ಯಾಯ? ಎದುರಾಳಿ ಬಿದ್ದರೆ ನಾನೇ ಎತ್ತಬೇಕಂತೆ! ಹೂಂ ಅಂದೆ. ಹೂಂ ಅನ್ನಲು ಏನು ಹೋಗಬೇಕು.

ಒಂದು ಸಣ್ಣ ಮಾತು. ಅವ್ವ ಇಷ್ಟು ವರ್ಷ ಒಂದು ಸೊಲ್ಲೂ ಹಾಡಿದವಳಲ್ಲ. ಇವತ್ತು ಸಾಲಿನ ಕೊನೆಗೆ "ಗೀಯ ಗೀಯ" ಎನ್ನುವಾಗ ಅವಳ ದನಿಯೇ ನನ್ನದಕ್ಕಿಂತ ಮೇಲೆ ಕೇಳಿತು. ಬರುವಾಗ ಆ ಊರಿನವರು ಇನ್ನೂ ಎರಡು ಊರಿನ ಹೆಸರು ಹೇಳಿ, ಬಂದು ಹಾಡಬೇಕೆಂದರು. ಹೋಗುತ್ತೇವೆ. ನನಗೆ ಇವೆಲ್ಲ ಬರೀ ತಾಲೀಮು. ಪೈಲವಾನ ಗರಡಿಯಲ್ಲಿ ಮಣ್ಣು ಹೊರುವುದಿಲ್ಲವೇ, ಹಾಗೆ.

ಸೆಪ್ಟೆಂಬರ್ ೨೯

ನಂಬಲಾಗುತ್ತಿಲ್ಲ. ಚಾನೆಲ್ಲಿನಿಂದ ಫೋನು ಬಂದಿತ್ತು! "ಸಾನ್ವಿ ಮೇಡಂ, ಹೊಸ ವರ್ಷಕ್ಕೆ ಹಳೇ ವಿನ್ನರ್ಸ್ ಎಲ್ಲ ಸೇರಿ ಒಂದು ಸ್ಪೆಷಲ್. ನೀವು ಬರಲೇಬೇಕು. ಅಮ್ಮನ್ನೂ ಕರ್ಕೊಂಡು ಬನ್ನಿ, ಒಂದು ಎಮೋಷನಲ್ ಸೆಗ್ಮೆಂಟ್ ಇದೆ."

ನಾಲ್ಕು ವರ್ಷ ಈ ಫೋನಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದೆ. ಅದಕ್ಕೆ ಹೋದರೆ ಮತ್ತೆ ಮುಖ ಕಾಣಿಸುತ್ತದೆ, ಮತ್ತೆ ಕರೆಯುತ್ತಾರೆ, ಒಂದು ದಾರಿಯಾಗುತ್ತದೆ. ಶೂಟಿಂಗ್ ಯಾವಾಗ ಎಂದೆ. ಡಿಸೆಂಬರ್ ಕೊನೆಯ ಮೂರು ದಿನವಂತೆ. ಎಳ್ಳಮಾಸಿ ಮೂವತ್ತಕ್ಕೆ!

ಆಗುವುದಿಲ್ಲ ಎಂದುಬಿಟ್ಟೆ. ಆ ಕಡೆಯ ಹುಡುಗಿ ಬೆಪ್ಪಾದಳು, "ಮೇಡಂ, ಯೋಚನೆ ಮಾಡಿ" ಅಂದಳು. ಯೋಚನೆಗೆ ಏನಿದೆ? ಟೀವಿ ಮುಂದೆಯೂ ಬರುತ್ತದೆ, ದ್ಯಾವಪ್ಪ ಮೈಕಿಲ್ಲದೆ ಸಿಗುವುದು ಒಂದೇ ದಿನ. ಸೇಡಿಗೆ ಅಡ್ಡ ಬಂದರೆ ಬೆಂಗಳೂರೂ ಬೇಡ, ಇಂದ್ರಲೋಕವೂ ಬೇಡ.

ಅವ್ವನಿಗೆ ಹೇಳಿದಾಗ ಅವಳು ಬುಟ್ಟಿ ಎತ್ತಿಕೊಂಡು ಮೀನು ತರಲು ಹೋದಳು. ಇವತ್ತು ಮೀನುಸಾರು ಭಾಳ ರುಚಿಯಾಗಿತ್ತು.

ಸುರಪುರ, ನವೆಂಬರ್ ೧

ಬಿದ್ದ! ಬಲೆಗೆ ಬಿದ್ದ!

ರಾಜ್ಯೋತ್ಸವಕ್ಕೆ ಯುವಕ ಸಂಘದವರು ದ್ಯಾವಪ್ಪನಿಗೆ ಸನ್ಮಾನ ಇಟ್ಟಿದ್ದರು. ನಾನು ಮುಂಚೆಯೇ ರಂಗಣ್ಣನವರ ಮನೆಗೆ ಹೋಗಿ, "ಕಾಕಾ, ಈ ಸಲ ಹರದೇಶಿಗೆ ದ್ಯಾವಪ್ಪನ್ನ ಕರೀರಿ. ಅಂವನ ಅಪ್ಪ ನಿಮ್ಮ ಹೊಲದಾಗ ಬಾರಿಸ್ಯಾನಂತ. ನಾಕು ಮಂದಿ ಮುಂದ ವೀಳ್ಯ ಕೊಟ್ರ ಅಂವಗೂ ಶೋಭಾ" ಎಂದಿದ್ದೆ. ಪಾಪ, ಸಾಧು ಮನುಷ್ಯ, ಕಣ್ಣು ಒದ್ದೆ ಮಾಡಿಕೊಂಡು ಒಪ್ಪಿದ್ದರು.

ಇವತ್ತು ಹಾರ, ಶಾಲು, ಪಟಾಕಿ ಎಲ್ಲ ಆಯಿತು. ರಂಗಣ್ಣ ಮೆಲ್ಲಗೆ ವೇದಿಕೆ ಹತ್ತಿ ಎಲೆಯಡಿಕೆ ಮುಂದೆ ಚಾಚಿದರು. ದ್ಯಾವಪ್ಪ ಅದೂ ಸನ್ಮಾನದ ಒಂದು ಭಾಗವೆಂದು ತಿಳಿದನೇನೋ. ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ. ಆಮೇಲೆ ರಂಗಣ್ಣ, "ಎಳ್ಳಮಾಸಿಗೆ ನಮ್ಮ ಹೊಲದಾಗ ಹರದೇಶಿ ಹಾಡಾಕ ವೀಳ್ಯ ಹಿಡದಾನ್ರೀ ನಮ್ಮ ಮಗಾ!" ಎಂದು ಕೂಗಿ ಹೇಳಿದರು. ಅವನ ಮುಖ ನೋಡಬೇಕಿತ್ತು. ಕೆಂಪು ಪೇಟದ ಕೆಳಗೆ ಸುಣ್ಣ ಬಳಿದ ಗೋಡೆ!

ಹಿಡಿದ ವೀಳ್ಯ ವಾಪಸು ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ಕೊಟ್ಟರೆ ಅವನ ಅಪ್ಪನ ಹೆಸರಿಗೂ ಮಣ್ಣು. ಎದುರಿನ ಮೇಳ ಯಾರದೆಂದು ರಂಗಣ್ಣ ಹೇಳಿದಾಗ ಅವನು ಜನರ ನಡುವೆ ನನ್ನನ್ನು ಹುಡುಕಿದ. ನಾನು ಕೈ ಮುಗಿದೆ, ಚೆನ್ನಾಗಿ ನಗುತ್ತ.

ನವೆಂಬರ್ ೨೪

ಕೊನೆಗೆ ಹಾಕುವ ನುಡಿ ನಾನೇ ಕಟ್ಟಿದ್ದೇನೆ. ನನ್ನ ಜೀವನದಲ್ಲಿ ನಾನೇ ಕಟ್ಟಿದ ಮೊದಲ ನುಡಿ:

*ಅತ್ತು ಗೆದ್ದಾಕಿ ನಾನಂತ ಊರೆಲ್ಲ ಸಾರಿದಿ,*
*ಪೆನ್ ಡ್ರೈವ್ ನುಂಗಿ ಹಾಡಾಂವ ನೀ ಯಾ ಸೀಮಿ ಗಾಯಕನೋ!*

ಮುದುಕಿಗೆ ಹೇಳಿಲ್ಲ. ಗಂಟಲಿನ ರೋಗ ಮನೆಯೊಳಗಿನ ಮಾತು ಎಂದು ರಂಪ ಮಾಡುತ್ತಾಳೆ. ನನ್ನ ಅಪ್ಪನ ಸಾವು ಮನೆಯೊಳಗಿನದಾಗಿರಲಿಲ್ಲವೇ? ಅದನ್ನು ಮುಟ್ಟುವಾಗ ದ್ಯಾವಪ್ಪನಿಗೆ ಯಾವ ಕಟ್ಟಳೆ ಇತ್ತು?

ಖಾಜಾಹುಸೇನ ಮೊಬೈಲಿನಲ್ಲಿ ಎಲ್ಲ ಹಿಡಿಯುತ್ತಾನೆ. ಸಂಜೆಯೊಳಗೆ ಜಿಲ್ಲೆಯೆಲ್ಲ ನೋಡಬೇಕು.

ಮುದುಕಿ ಇವತ್ತು ಮೊದಲ ಸಲ ಹೊಗಳಿದಳು. "ನೆಗಡಿ ಕಡಿಮಿ ಆಗ್ಯದ" ಅಂದಳು. ಏಕೋ ಇಡೀ ದಿನ ಅದೇ ಕಿವಿಯಲ್ಲಿತ್ತು.

ಡಿಸೆಂಬರ್ ೨೯

ಆ ಕೊನೆಯ ನುಡಿಯನ್ನೇ ಹತ್ತು ಸಲ ಹೇಳಿಕೊಂಡೆ, ಬೇರೇನೂ ಬರೆಯಲಾಗುತ್ತಿಲ್ಲ. ನಾಳೆ.

ಡಿಸೆಂಬರ್ ೩೧

ನಿನ್ನೆಯದನ್ನು ಬರೆಯದಿದ್ದರೆ ಹೊಟ್ಟೆ ಒಡೆದು ಸಾಯುತ್ತೇನೆ.

ರಂಗಣ್ಣನವರ ಹೊಲ ತುಂಬ ಜನ. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾದ ಹೋಳಿಗೆ ತಿಂದು, ಬನ್ನಿ ಗಿಡದ ನೆರಳಿಗೆ ಎರಡು ಜಮಖಾನೆ ಹಾಸಿದರು. ಒಂದು ಕಡೆ ಜೋಳ, ಇನ್ನೊಂದು ಕಡೆ ತುಂಬಿ ಹರಿಯುವ ಕಾಲುವೆ. ಅವ್ವ ಕಾಲುವೆಗೆ ಬೆನ್ನು ಮಾಡಿ ಕೂತಳು.

ನಾನು ಶುರು ಮಾಡಿದೆ.

*ಹೊಳಿ ಹೆಣ್ಣು, ನೆಲ ಹೆಣ್ಣು, ಒಲಿಮುಂದಿನ ಬೆಳಕು ಹೆಣ್ಣು,*
*ಹೆಣ್ಣಿಲ್ಲದ ನಿನ್ನ ಹರ ಬರೇ ಸುಡಗಾಡ ಬೂದಿ!*

ಜನ ಹೋ ಎಂದರು. ದ್ಯಾವಪ್ಪ ಎದ್ದು ನಿಂತ. ಶಾಲಿಲ್ಲ, ಕರಿ ಕನ್ನಡಕವಿಲ್ಲ. ಕೊರಳಿಗೆ ಒಂದು ಮಫ್ಲರು. ಡಪ್ಪಿಗೆ ಕೈ ಹಾಕಿದ್ದೇ ಬೇರೆ ಮನುಷ್ಯನಾದ, ಅದನ್ನು ಅಲ್ಲ ಎನ್ನಲಾರೆ. ಆದರೆ ದನಿ? ಒಡೆದ ಮಡಕೆ. ಮಳೆ ಸುರಿಸುವವನು ಗಂಡು, ಬೀಜ ಬಿತ್ತುವವನು ಗಂಡು ಎಂದು ಎರಡು ನುಡಿ ಎಳೆದ. ಮೂರನೆಯದಕ್ಕೆ ಬಾಯಿ ತೆರೆದಾಗ ಬರೀ ಗಾಳಿ ಬಂತು. ಮತ್ತೆ ತೆರೆದ. ಮತ್ತೆ ಗಾಳಿ.

ಹಿಂದಿನಿಂದ ಯಾರೋ ಕೂಗಿದರು: "ಅಳೋ ದ್ಯಾವಪ್ಪ! ಅತ್ತರ ಗೆಲ್ತಿ!"

ಇಡೀ ಹೊಲ ನಕ್ಕಿತು. ಅವನ ಮಾತೇ ಅವನ ಮುಖಕ್ಕೆ! ಖರೇ ಹೇಳುತ್ತೇನೆ, ತಿಂದ ಹೋಳಿಗೆಗಿಂತ ಅದು ಸಿಹಿಯಾಗಿತ್ತು. ಅವನು ಅಳಲಿಲ್ಲ. ಡಪ್ಪು ಬಾರಿಸುವುದನ್ನೂ ಬಿಡಲಿಲ್ಲ. ನನ್ನ ಕಡೆ ನೋಡುತ್ತ ತಾಳ ಹಿಡಿದುಕೊಂಡು ನಿಂತೇ ಇದ್ದ. ನಾನು ಎತ್ತಲಿ ಎಂದು ಕಾಯುತ್ತಿದ್ದ. ಪದ ನನಗೆ ಗೊತ್ತಿತ್ತು, ಬಾಯಿ ತೆರೆದರೆ ಸಾಕಿತ್ತು. ನಾನು ತುಟಿ ಬಿಗಿದು ಕೂತೆ. ತಾಳ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಹಜರಾಬೀ ನನ್ನ ಮೊಣಕೈ ತಿವಿದಳು. ನಾನು ಅಲುಗಲಿಲ್ಲ. ಇನ್ನೊಂದು ಸುತ್ತು ಹೋಗಲಿ, ಆಮೇಲೆ ನನ್ನ ಪೆನ್ ಡ್ರೈವ್ ನುಡಿ ಹಾಕುತ್ತೇನೆ ಎಂದು ಉಸಿರು ತುಂಬಿಕೊಂಡೆ.

ಆಗ ಮುದುಕಿ ಎದ್ದಳು. ನನ್ನ ಹಿಂದೆ ಕೂತಿದ್ದವಳು ಮೊಣಕಾಲು ಹಿಡಿದುಕೊಂಡು, ನಡುವಿನ ಜಾಗ ದಾಟಿ, ಅವರ ಜಮಖಾನೆಯ ಮೇಲೆ ಹೋಗಿ ನಿಂತಳು. ಅವನು ಬಿಟ್ಟ ಮೂರನೇ ನುಡಿಯನ್ನು, ಗಂಡು ಹೆಚ್ಚೆನ್ನುವ ನುಡಿಯನ್ನು, ಜೀವಮಾನವೆಲ್ಲ ಹೆಣ್ಣು ಹೆಚ್ಚೆಂದು ಹಾಡಿದವಳು ಎತ್ತಿ ಮುಗಿಸಿದಳು. ಆ ದನಿ ಎಲ್ಲಿತ್ತೋ ಏನೋ. ನಗುತ್ತಿದ್ದ ಹೊಲ ಗಪ್ಪಾಯಿತು.

ಅಷ್ಟಕ್ಕೇ ಬಿಟ್ಟಳೇ? ನನ್ನ ಕಡೆ ತಿರುಗಿ, ಹರದೇಶಿಯ ಪರವಾಗಿ, ನನಗೇ ಸವಾಲು ಹಾಕಿದಳು.

*ಹೊಳಿ ತಾಯಿ ಅಂದಿ ಮಗಳ, ಒಪ್ಪಿದೆನ ನಾನು,*
*ಹೊಳಿ ಹೊಟ್ಟಿ ಸೀಳಿ ತಂದ ಕಾಲವಿ ಯಾರ ಹೇಳ?*
*ಹೆಣ್ಣಂದ್ರ ತವರು ಹೇಳ, ಗಂಡಂದ್ರ ಕುಲ ಹೇಳ,*
*ದಂಡಿ ಇಲ್ಲದ ನೀರಿಗಿ ಯಾರ ಹೆಸರಿಟ್ಟಾರ ಹೇಳ?*

ನನಗೆ ಕಲಿಸಿದ ಯಾವ ಪದದಲ್ಲೂ ಇದಕ್ಕೆ ಜವಾಬಿರಲಿಲ್ಲ. ಕಾಲುವೆ ಪಕ್ಕದಲ್ಲೇ ಹರಿಯುತ್ತಿತ್ತು, ಕಣ್ಣು ಅತ್ತ ಹೋಯಿತು. ಅಳು ಬರಲಿಲ್ಲ, ದೇವರ ದಯೆ. ಆದರೆ ಪದವೂ ಬರಲಿಲ್ಲ. ಜನ ಕಾದರು. ಕೊನೆಗೆ ನಾನು ಡಪ್ಪು ಕೆಳಗಿಟ್ಟೆ. ಸೋತೆ! ದ್ಯಾವಪ್ಪನ ಎದುರು, ನನ್ನ ಗುರುವಿನಿಂದ, ನಾನು ಹೂಡಿದ ಆಟದಲ್ಲಿ ನಾನೇ ಸೋತೆ.

ಜೀಪು ಹತ್ತುವ ಮುಂಚೆ ಮುದುಕಿಯ ಜೊತೆ ಜಗಳ ತೆಗೆದೆ. "ನನ್ನ ಮಾನ ಕಳದಿ. ಯಾರ ಪರ ನೀನು?"

"ಪದದ ಪರ" ಅಂದಳು. "ಸೇಡು ನಿಂದು. ಪದ ನಿನ್ನಪ್ಪನ ಗಂಟಲ್ಲ, ನೆಲಕ್ಕ ಬೀಳಸಾಕ."

ಶಹಾಪುರದಲ್ಲಿ ಅವಳು ಇಳಿದ ಕೂಡಲೇ ಜೀಪು ಬಿಡಿಸಿಕೊಂಡು ಬಂದೆ. ಇನ್ನು ಅವಳ ಹೊಸ್ತಿಲು ತುಳಿದರೆ ಕೇಳಿ.

ಶಹಾಪುರ, ಜನವರಿ ೫, ೨೦೨೫

ತುಳಿದೆ. ಬೈಯಲು ಹೋಗಿದ್ದು, ಬೇರೆ ಯಾತಕ್ಕೂ ಅಲ್ಲ.

ಅವಳು ಬಿಸಿಲಿಗೆ ಕಾಲು ಚಾಚಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನಾನು ಆರು ದಿನದಿಂದ ಕೂಡಿಟ್ಟ ಬೈಗುಳವನ್ನೆಲ್ಲ ಸುರಿದೆ. ಎಲ್ಲ ಕೇಳಿ, "ಇನ್ನೊಂದ ಮಳಕಾಲ ಉಳದದ, ಹಚ್ಚು" ಎಂದು ಬಟ್ಟಲು ನೂಕಿದಳು. ಹಚ್ಚಿದೆ.

"ಆ ಸವಾಲಿನ ಜವಾಬ ಏನು? ಅದಷ್ಟ ಹೇಳು, ಹೋಗತೀನಿ" ಎಂದೆ.

"ನನಗೇನ ಗೊತ್ತು?"

"ಗೊತ್ತಿಲ್ಲದ ಕೇಳಿದೇನು?"

"ಕಾಲವಿ ಕಣ್ಣಮುಂದ ಇತ್ತು, ಕೇಳಿದೆ. ನಮ್ಮ ಹಿರೇರ ಕಾಲಕ್ಕ ಕಾಲವಿ ಎಲ್ಲಿತ್ತು? ಹಳೇ ಪದದಾಗ ಅದರ ಜವಾಬ ಹುಡುಕಬ್ಯಾಡ, ಸಿಗಂಗಿಲ್ಲ. ಸವಾಲಿಗಿ ಸೋತಾಕಿ ನೀನು. ಬರೂ ಎಳ್ಳಮಾಸಿತನಾ ಅದು ನಿಂದ. ಕಟ್ಟಿ ತಾ."

"ಕಟ್ಟಿ ತಂದ್ರ?"

"ನಾ ಎದುರಿಗಿ ಕೂಡ್ತೀನಿ. ಆ ದ್ಯಾವಪ್ಪನ ಕಡಿ ಡಪ್ಪು ಹಿಡಸ್ತೀನಿ. ಬಾ, ಸೋಲಸು ನನ್ನ."

ಹೀಗೋ? ಮುದುಕಿ, ನಿನಗೆ ಮಣ್ಣು ಮುಕ್ಕಿಸದಿದ್ದರೆ ನನ್ನ ಹೆಸರು ಸಾಯಬಮ್ಮ ಅಲ್ಲ. ದ್ಯಾವಪ್ಪನದು ಹಾಗೇ ಇರಲಿ, ಮೊದಲು ಇವಳದು.

ಜನವರಿ ೧೯

ಬರುತ್ತಿಲ್ಲ. ಹರಿದು ಹಾಕಿದ್ದೇ ಬಂತು. ಕಾಲುವೆ ಹೆಣ್ಣೆಂದರೆ ಒಂದು ತೊಡಕು, ಗಂಡೆಂದರೆ ಇನ್ನೊಂದು. ಇವತ್ತು ವಡಗೇರಾದಲ್ಲಿ ಮೇಳವಿತ್ತು, ನಾಳಿದ್ದು ಅಬ್ಬೆತುಮಕೂರಿನ ಹತ್ತಿರ. ಬಸ್ಸಿನಲ್ಲಿ ಗೊಣಗುತ್ತ ಕೂತರೆ ಜನ ತಲೆ ಕೆಟ್ಟವಳೆಂದು ಪಕ್ಕದ ಸೀಟು ಬಿಟ್ಟು ಏಳುತ್ತಾರೆ. ಕರಪತ್ರದಲ್ಲಿ ಸಾನ್ವಿ ಎಂದು ಹಾಕಲೇ ಎಂದು ವಡಗೇರಾದವರು ಕೇಳಿದರು. ಸಾಯಬಮ್ಮ ಅಂತಲೇ ಹಾಕಿರಿ ಎಂದೆ. ಮುದುಕಿಗೆ ತನ್ನನ್ನು ಸೋಲಿಸಿದವಳು ಯಾರೆಂದು ನೆಟ್ಟಗೆ ಗೊತ್ತಾಗಬೇಕು.

ಜನವರಿ ೨೬

ಮೀನು ಹಸನು ಮಾಡುತ್ತಿದ್ದ ಅವ್ವ ತಲೆ ಎತ್ತದೆ ಅಂದಳು: "ಕಾಲವಿ ಹೊಳಿ ಹಡದ ಕೂಸಲ್ಲಬೇ. ಸಾಕಿದ ಕೂಸು. ಅದಕ ಯಾರೂ ದಂಡಿ ಕೊಟ್ಟಿಲ್ಲ, ಕೈ ಹಿಡಿಯೂದು ಕಲಿಸಿಲ್ಲ. ಅದರ ತಪ್ಪೇನದ?"

ಅಪ್ಪ ಹೋದ ಮೇಲೆ ಅವಳು ಕಾಲುವೆಯ ಹೆಸರೆತ್ತಿದ್ದು ಇದೇ ಮೊದಲು. ನಾನು ಕತ್ತಿ ಅವಳ ಕೈಯಿಂದ ತೆಗೆದಿಟ್ಟು, ಅವಳ ಹೆಗಲಿಗೆ ಮುಖ ಇಟ್ಟು ಅತ್ತೆ. ಯಾರೂ ಕ್ಯಾಮೆರಾ ಹಿಡಿಯಲಿಲ್ಲ, ಯಾರೂ ಕೊಳಲು ಊದಲಿಲ್ಲ. ಆಮೇಲೆ ಕೂತು ಎರಡು ನುಡಿ ಕಟ್ಟಿದೆ. ಬಂದವು! ಮೂರನೆಯದರಲ್ಲಿ ತಾಳ ಓಡುತ್ತದೆ, ಅದನ್ನು ನೋಡಬೇಕು.

ಫೆಬ್ರವರಿ ೯

ಮುಂಜಾನೆ ನಮ್ಮ ಮನೆಯ ಬಾಗಿಲಿಗೆ ದ್ಯಾವಪ್ಪ ಬಂದು ನಿಂತ. ಗಂಟಲಿಗೆ ಆಪರೇಷನ್ ಆಗಿದೆಯಂತೆ, ದನಿ ಪಿಸುಮಾತಿನಷ್ಟೇ. ಹಜರಾಬೀ ನೆಂಟರ ಮನೆಗೆ ಹೋಗಿದ್ದಳು, ಡಪ್ಪಿಗೆ ಜನವಿಲ್ಲದೆ ನಾವು ಒದ್ದಾಡುತ್ತಿದ್ದೆವು.

"ಯಕ್ಕಾ, ಆವತ್ತ ಆಡಿದ ಮಾತು ವಾಪಸ್ ತಗೋಳಾಕ ಬಂದೀನಿ. ಮೊಬೈಲ ಹಚ್ಚು. ಎಲ್ಲಾರಿಗೂ ಮುಟ್ಟೂ ಹಂಗ ಹೇಳ್ತೀನಿ."

"ಹೇಳೂವಂತಿ, ಮೊದಲ ಇದನ್ನ ಹಿಡಿ" ಎಂದು ಡಪ್ಪು ಕೈಗೆ ಕೊಟ್ಟೆ. "ಮೂರನೇ ನುಡ್ಯಾಗ ನಾವು ಓಡಾಕತ್ತೇವಿ. ನಿಂದ್ರಸು."

ಹಾಳಾದವನು ಎಷ್ಟು ಚಂದ ಬಾರಿಸುತ್ತಾನೆ! ನಮ್ಮನ್ನು ಕಿವಿ ಹಿಡಿದು ಎಳೆದು ತಂದು ತಾಳದಲ್ಲಿ ಕೂರಿಸಿದ. ಮುದುಕಿಯ ಕಡೆ ಬಾರಿಸುವವನು ಇವನೇ, ಹಾಗಾಗಿ ಇವನ ಕೈ ಗುರುತಿರುವುದು ನನಗೆ ಒಳ್ಳೆಯದೇ. ಮಧ್ಯಾಹ್ನದವರೆಗೂ ಅದೊಂದೇ ನುಡಿ ಹಾಡಿದೆವು. ತಪ್ಪೆಲ್ಲಿ ಎಂದು ಆಮೇಲೆ ಕೇಳಲು ಪ್ರತಿ ಸಲವೂ ಮೊಬೈಲಿನಲ್ಲಿ ಹಿಡಿದೆ.

ಅವ್ವ ಎಲ್ಲರಿಗೂ ರೊಟ್ಟಿ, ಝುಣಕ ಬಡಿಸಿದಳು. ನಾನು ಮೊಬೈಲನ್ನು ನೀರಿನ ಕೊಡಕ್ಕೆ ಆನಿಸಿಟ್ಟು, ಹೇಳು ಎಂದೆ. ಅವನು ರೊಟ್ಟಿ ಕೆಳಗಿಟ್ಟು, ಕೈ ತೊಳೆದುಕೊಂಡು, ನೆಟ್ಟಗೆ ಕೂತು ಹೇಳಿದ: "ನಾ ಅಂದಿದ್ದು ಸುಳ್ಳು. ಸಾಯಬಮ್ಮ ಹಾಡಿ ಗೆದ್ದಾಳ." ಶೇಖಮ್ಮ ಅಗಿಯುವುದನ್ನು ನಿಲ್ಲಿಸಿದಳು. ಅವ್ವ ಅವನ ಎಲೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಅವನು ಹೋದ ಮೇಲೆ ನೋಡಿದರೆ ಮೊಬೈಲು ಆ ಮಾತನ್ನು ಹಿಡಿದೇ ಇರಲಿಲ್ಲ! ಮುಂಜಾನೆಯಿಂದ ಮೂರನೇ ನುಡಿಯನ್ನೇ ತುಂಬಿಕೊಂಡು, ಮೊಬೈಲಿನಲ್ಲಿ ಜಾಗವಿಲ್ಲದೆ ಅದು ಮೊದಲೇ ನಿಂತುಬಿಟ್ಟಿತ್ತು. ಬರುವ ಐತವಾರ ಮತ್ತೆ ಬಾರಿಸಲು ಬರುತ್ತಾನೆ, ಆಗ ಹೇಳಿಸಿದರಾಯಿತು. ಅಷ್ಟರೊಳಗೆ ಜಾಗ ಮಾಡಬೇಕೆಂದು, ಒಂದೆರಡು ಅಳಿಸೋಣವೆಂದು ಕೂತೆ. ಒಂದೊಂದಾಗಿ ಹಾಕಿ ಕೇಳುತ್ತ ಹೋದೆ. ಒಂದರಲ್ಲಿ ಅವ್ವನ ದನಿ ಚೆಂದ ಏರಿದೆ, ಒಂದರಲ್ಲಿ ತಾಳ ಕೂತಿದೆ, ಒಂದರಲ್ಲಿ ನಾನು ಹೊಸದೊಂದು ತಿರುವು ಹಾಕಿದ್ದೇನೆ, ಹೇಗೆ ಹಾಕಿದೆನೋ ನನಗೇ ಗೊತ್ತಿಲ್ಲ. ಯಾವುದನ್ನೂ ಅಳಿಸಲಿಲ್ಲ.